ಗಿರಣಿಯೊಳಗಿನ ಮೂರು ಗೋಡೆಗಳು

ಪರೇಲ, ಲಾಲಬಾಗ, ವರಳಿಗಳ ಕಡೆಗೆ ಹೋಗುವ ವಾಚಕರು ಮುಗಿಲೆತ್ತರದ ಹೊಸ ಸೌಧಗಳ ನಡುವೆ ಅಲ್ಲಲ್ಲಿ ಒಂಟಿಯಾಗಿ ನಿಂತಿರುವ ಹಳೆಯ ಇಟ್ಟಿಗೆಯ ಚಿಮಣಿಗಳನ್ನು ಕಂಡಿರಬಹುದು. ಅವು ಮುಂಬಯಿಯ ಬಟ್ಟೆಯ ಗಿರಣಿಗಳ ಅಳಿದುಳಿದ ಗುರುತುಗಳು. ಕಾವಸಜಿ ನಾನಾಭಾಯಿ ದಾವರರು 1854ರಲ್ಲಿ ಸ್ಥಾಪಿಸಿದ ಕಂಪನಿಯ ಗಿರಣಿಯು ತಾರದೇವದಲ್ಲಿ 1856ರಲ್ಲಿ ನೂಲತೊಡಗಿತು. ಅಂದಿನಿಂದ ಸುಮಾರು ನೂರಿಪ್ಪತ್ತೈದು ವರ್ಷಗಳ ಕಾಲ ಈ ಮಹಾನಗರದ ಹಗಲು ರಾತ್ರಿಗಳನ್ನು ಆಳಿದುದು ಗಿರಣಿಯ ಭೋಂಗಾ. ರತ್ನಾಗಿರಿ, ಸಾತಾರಾ, ಕೊಲ್ಲಾಪುರಗಳಿಂದಲೂ ಉತ್ತರ ಪ್ರದೇಶದಿಂದಲೂ ತೆಲಂಗಾಣದಿಂದಲೂ ಬಂದ ಲಕ್ಷಾಂತರ ಜನರು ಅದರ ಕೂಗಿಗೆ ಎದ್ದರು, ಅದರ ಕೂಗಿಗೆ ಮಲಗಿದರು.

ಯಂತ್ರಕ್ಕೆ ಜಾತಿಯಿಲ್ಲ, ಉಗಿಗೆ ಮಡಿಯಿಲ್ಲ. ಆದುದರಿಂದ ಕಾರಖಾನೆಯು ಕಾಲಿಟ್ಟಲ್ಲಿ ಜಾತಿಭೇದವು ತಾನಾಗಿಯೇ ಕರಗಿಹೋಗುವುದೆಂದು ಅನೇಕ ವಿಚಾರವಂತರು ಒಂದು ಕಾಲದಲ್ಲಿ ನಂಬಿದ್ದರು. ಕಾರ್ಲ್ ಮಾರ್ಕ್ಸನು 1853ರಷ್ಟು ಹಿಂದೆಯೇ, ರೈಲ್ವೆಯ ಬೆನ್ನಿಗೆ ಬರುವ ಆಧುನಿಕ ಉದ್ಯಮವು ಜಾತಿಗಳಿಗೆ ಆಧಾರವಾದ ವಂಶಪಾರಂಪರ್ಯದ ಶ್ರಮವಿಭಾಗವನ್ನು ಕರಗಿಸುವುದೆಂದು ಬರೆದಿದ್ದನು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವೂ ಇಂಥದೇ ನಂಬಿಕೆಯೊಂದನ್ನು ಗಂಟಿನಲ್ಲಿ ಕಟ್ಟಿಕೊಂಡು ಬಂದವರೇ. ನಗರದಲ್ಲಿ ಯಾರೂ ಯಾರ ಕುಲವನ್ನೂ ಕೇಳುವುದಿಲ್ಲ, ದುಡಿದವನಿಗೆ ದುಡಿತಕ್ಕೆ ತಕ್ಕ ಫಲವುಂಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಲು ಗಿರಣಿಗಿಂತ ಉತ್ತಮವಾದ ಸ್ಥಳವಿಲ್ಲ. ಏಕೆಂದರೆ ಹೊರಗಿನಿಂದ ಒಂದೇ ಆಗಿ ಕಾಣುತ್ತಿದ್ದ ಆ ಕಟ್ಟಡದ ಒಳಗೆ ಜಾತಿಯದೊಂದು, ಹೆಣ್ಣುಗಂಡುಗಳದೊಂದು, ವರ್ಗದ್ದೊಂದು ಎಂಬಂತೆ ಮೂರು ಗೋಡೆಗಳಿದ್ದವು. ಒಂದೊಂದು ಗೋಡೆಯಲ್ಲಿಯೂ ಬಾಗಿಲು ತೆರೆಯಲು ಮಹನೀಯರು ಶ್ರಮಿಸಿದರು, ಕಾಯಿದೆಗಳು ಹುಟ್ಟಿದವು. ಆದರೆ ಗೋಡೆಗಳು ಒಂದನ್ನೊಂದು ಕೂಡುವ ಮೂಲೆಯಲ್ಲಿ ನಿಂತವಳಿಗೆ ಆ ಬಾಗಿಲುಗಳಲ್ಲಿ ಒಂದೂ ಎಟುಕಲಿಲ್ಲ. ಅದು ಹೇಗಾಯಿತೆಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಲಾಳಿಯ ಕಣ್ಣು

ಗಿರಣಿಯಲ್ಲಿ ನೂಲುವ ಖಾತೆಗಿಂತ ನೇಯುವ ಖಾತೆಯಲ್ಲಿ ಪಗಾರ ಬಹಳ ಹೆಚ್ಚು. ನೇಕಾರನೆಂದರೆ ಮಜೂರರಲ್ಲಿ ಮೇಲ್ಪಂಕ್ತಿಯವನು. ಆದರೆ ಅಸ್ಪೃಶ್ಯರೆನಿಸಿಕೊಂಡಿದ್ದ ಮಹಾರ ಮೊದಲಾದ ಜಾತಿಗಳವರಿಗೆ ಈ ಖಾತೆಯೊಳಗೆ ಪ್ರವೇಶವಿರಲಿಲ್ಲ. ಅವರಲ್ಲಿ ಬಹುಪಾಲು ಜನರು ಕಡಿಮೆ ಪಗಾರದ ರಿಂಗ್ ಸ್ಪಿನ್ನಿಂಗ್ ಖಾತೆಯಲ್ಲಿಯೇ ಉಳಿಯಬೇಕಾಗಿದ್ದಿತು. ಅದಕ್ಕೆ ಸರಕಾರದ ಕಾಯಿದೆಯಾಗಲಿ, ಗಿರಣಿಯ ಗೋಡೆಗೆ ಅಂಟಿಸಿದ ನಿಯಮವಾಗಲಿ ಕಾರಣವಾಗಿರಲಿಲ್ಲ. ಕಾರಣವಿದ್ದುದು ಲಾಳಿಯ ಚಿಕ್ಕ ಕಣ್ಣಿನಲ್ಲಿ.

ಮಗ್ಗದ ಕೆಲಸ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಸಿನ ನಡುವೆ ಹೊಕ್ಕಿನ ಎಳೆಯನ್ನು ಹೊತ್ತು ಅತ್ತಿಂದಿತ್ತ ಓಡುವುದು ಲಾಳಿ. ಅದರೊಳಗಿನ ಕಂಡಿಕೆಯ ನೂಲು ಮುಗಿದೊಡನೆ ಹೊಸ ಕಂಡಿಕೆಯನ್ನಿಟ್ಟು, ಎಳೆಯ ತುದಿಯನ್ನು ಲಾಳಿಯ ಕಣ್ಣಿನಿಂದ ಹೊರಗೆ ತೆಗೆಯಬೇಕು. ನೇಕಾರನು ಲಾಳಿಯನ್ನು ತುಟಿಗಿಟ್ಟು ಒಮ್ಮೆ ಬಲವಾಗಿ ಉಸಿರೆಳೆದುಕೊಂಡರೆ ಎಳೆಯು ಹೊರಗೆ ಬರುತ್ತಿದ್ದಿತು. ದಿನವೊಂದಕ್ಕೆ ಇದನ್ನು ಎಷ್ಟು ಸಲ ಮಾಡುತ್ತಿದ್ದನೆಂಬುದಕ್ಕೆ ಲೆಕ್ಕವಿಲ್ಲ. ಅದೇ ಲಾಳಿಯನ್ನು ಅವನ ಬದಲಿಗೆ ಬಂದವನೂ ತುಟಿಗಿಡುತ್ತಿದ್ದನು. ಲಂಕಾಶೈರಿನ ಗಿರಣಿಗಳಲ್ಲಿಯೂ ಇದೇ ಪದ್ಧತಿಯಿದ್ದಿತು. ಅಲ್ಲಿ ಅದರ ಬಗ್ಗೆ ಎದ್ದ ಆಕ್ಷೇಪವು ರೋಗ ಹರಡುವುದೆಂಬ ವೈದ್ಯರ ಆಕ್ಷೇಪ. ನಮ್ಮಲ್ಲಿ ಎದ್ದುದು ಎಂಜಲಿನ ಪ್ರಶ್ನೆ. ಬೇರೆ ಬೇರೆ ಜಾತಿಯ ಸವರ್ಣೀಯ ನೇಕಾರರು ಒಬ್ಬರ ಎಂಜಲನ್ನು ಒಬ್ಬರು ದಿನವೂ ಬಾಯಿಗಿಟ್ಟುಕೊಳ್ಳುತ್ತಲೇ ಇದ್ದರು. ಅಸ್ಪೃಶ್ಯನೊಬ್ಬನು ಆ ಸಾಲಿಗೆ ಬರುವನೆಂದಾಗ ಮಾತ್ರ ಅವರಿಗೆ ಮೈಲಿಗೆಯ ನೆನಪಾಗುತ್ತಿದ್ದಿತು.

ಬಾಯಿಯ ಸಹಾಯವಿಲ್ಲದೆ ಎಳೆಯನ್ನು ಪೋಣಿಸಬಹುದಾದ ಲಾಳಿಗಳು ಲೋಕಕ್ಕೆ ತಿಳಿಯದ ವಸ್ತುವಾಗಿರಲಿಲ್ಲ. ಮಾಲಿಕರು ಮನಸ್ಸು ಮಾಡಿದ್ದರೆ ಆ ನೆಪವನ್ನು ಇಲ್ಲವಾಗಿಸಬಹುದಿತ್ತು. ಆದರೆ ಅವರಿಗೆ ಬೇಕಾಗಿದ್ದುದು ತಂಟೆಯಿಲ್ಲದೆ ನಡೆಯುವ ಖಾತೆ. ಮಜೂರರನ್ನು ಗೊತ್ತುಮಾಡುವ ಅಧಿಕಾರವು ಜಾಬರನ ಕೈಯಲ್ಲಿದ್ದಿತು. ಅವನು ತನ್ನ ಊರಿನವರನ್ನು, ತನ್ನ ನೆಂಟರನ್ನು, ತನ್ನ ಜಾತಿಯವರನ್ನು ಕರೆತರುತ್ತಿದ್ದನು. ಹೀಗೆ ಊರಿನ ಕೇರಿಗಳೇ ಗಿರಣಿಯ ಖಾತೆಗಳಾಗಿ ಬಂದು ನೆಲೆಸಿದವು.

1928ರ ಏಪ್ರಿಲಿನಲ್ಲಿ ಮುಂಬಯಿಯ ಗಿರಣಿಗಳಲ್ಲಿ ಮಹಾಮುಷ್ಕರವು ಪ್ರಾರಂಭವಾಯಿತು. ಸುಮಾರು ಒಂದೂವರೆ ಲಕ್ಷ ಮಜೂರರು ಆರು ತಿಂಗಳ ಕಾಲ ಕೆಲಸಕ್ಕೆ ಹೋಗಲಿಲ್ಲ. ಎರಡು ಮಗ್ಗ ನೋಡುತ್ತಿದ್ದ ನೇಕಾರನ ಮೇಲೆ ಮೂರು ಮಗ್ಗಗಳ ಭಾರ ಹೊರಿಸಬಾರದೆಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದು. ಆಗ ಡಾಕ್ಟರ್ ಬಾಬಾಸಾಹೇಬ ಅಂಬೇಡಕರರು ಮುಷ್ಕರದ ಮುಂದಾಳುಗಳಿಗೆ ನೇರವಾದ ಪ್ರಶ್ನೆಯೊಂದನ್ನು ಹಾಕಿದರು: ನೇಯುವ ಖಾತೆಯ ಹಕ್ಕುಗಳಿಗಾಗಿ ನಮ್ಮ ಜನರೂ ಉಪವಾಸ ಬೀಳಬೇಕೆನ್ನುವಿರಿ, ಆ ಖಾತೆಯ ಬಾಗಿಲನ್ನು ನಮ್ಮವರಿಗೆ ತೆರೆಯುವುದು ನಿಮ್ಮ ಬೇಡಿಕೆಗಳಲ್ಲಿ ಏಕಿಲ್ಲ? ಈ ಬೇಡಿಕೆಯನ್ನು ಸೇರಿಸದಿದ್ದರೆ ದಲಿತ ಮಜೂರರು ಮುಷ್ಕರದಲ್ಲಿ ಜೊತೆಗಿರಲಾರರೆಂದು ಅವರು ಸ್ಪಷ್ಟಪಡಿಸಿದ ಮೇಲೆ ಮುಂದಾಳುಗಳು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಕಾಗದದ ಮೇಲೆ ಬೇಡಿಕೆಯು ಬಂದಿತು. ಖಾತೆಯ ಬಾಗಿಲು ಮಾತ್ರ ಕೂಡಲೇ ತೆರೆಯಲಿಲ್ಲ.

ಬಡವರೆಲ್ಲರೂ ಒಂದೇ, ಶ್ರಮಿಕರಲ್ಲಿ ಭೇದವಿಲ್ಲ ಎಂಬ ಮಾತು ಆ ದಿನಗಳಲ್ಲಿಯೂ ಕೇಳಿಬರುತ್ತಿದ್ದಿತು. ಆ ಮಾತಿನ ಹಿಂದೆ ಪ್ರಾಮಾಣಿಕವಾದ ಆಶೆಯಿದ್ದಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜಾತಿಯು ಶ್ರಮವನ್ನಷ್ಟೇ ವಿಭಾಗಿಸುವುದಿಲ್ಲ, ಶ್ರಮಿಕರನ್ನೇ ವಿಭಾಗಿಸುತ್ತದೆ ಎಂದು ಅಂಬೇಡಕರರು 1936ರಲ್ಲಿ ಹೇಳಿದುದಕ್ಕೆ ಈ ಲಾಳಿಯ ಕಣ್ಣಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. 1938ರಲ್ಲಿ ಮನಮಾಡದಲ್ಲಿ ಸೇರಿದ್ದ ರೈಲ್ವೆಯ ದಲಿತ ಮಜೂರರ ಪರಿಷತ್ತಿನಲ್ಲಿ ಅವರು ದುಡಿಯುವ ಜನಕ್ಕೆ ಎರಡು ಶತ್ರುಗಳಿವೆ, ಒಂದು ಬ್ರಾಹ್ಮಣ್ಯ, ಇನ್ನೊಂದು ಬಂಡವಾಳಶಾಹಿ ಎಂದು ಸಾರಿದರು. ಎರಡರಲ್ಲಿ ಒಂದನ್ನು ಮಾತ್ರ ಎದುರಿಸಿದವನು ಇನ್ನೊಂದರ ಕೈಗೆ ಸಿಕ್ಕುವನೆಂಬ ಅನುಭವವು ಅವರಿಗೆ ಹತ್ತು ವರ್ಷಗಳ ಹಿಂದೆಯೇ ಗಿರಣಿಯ ಅಂಗಳದಲ್ಲಿ ಆಗಿದ್ದಿತು.

ಹೆಂಗಸರ ಖಾತೆ

ಇನ್ನು ಎರಡನೆಯ ಗೋಡೆ. 1920ರ ದಶಕದಲ್ಲಿ ಮುಂಬಯಿಯ ಗಿರಣಿ ಮಜೂರರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಹೆಂಗಸರಿದ್ದರು. ಆದರೆ ಅವರಲ್ಲಿ ಹೆಚ್ಚಿನವರು ಇದ್ದುದು ಎರಡೇ ಖಾತೆಗಳಲ್ಲಿ: ನೂಲನ್ನು ಬಾಬಿನ್‌ಗಳಿಗೆ ಸುತ್ತುವ ವೈಂಡಿಂಗ್ ಮತ್ತು ಲಡಿಗಳನ್ನಾಗಿ ಮಾಡುವ ರೀಲಿಂಗ್. ಅವರ ಮೇಲ್ವಿಚಾರಣೆಗೆ ನಾಯಕೀಣ ಎಂಬ ಹೆಂಗಸು. ಅವರಿಗೆ ದೊರೆಯುತ್ತಿದ್ದುದು ತಿಂಗಳ ಸಂಬಳವಲ್ಲ, ಸುತ್ತಿದ ನೂಲಿನ ಲೆಕ್ಕದ ಮೇಲೆ ಕೂಲಿ. ನೇಯುವ ಖಾತೆಯು ಸಂಪೂರ್ಣವಾಗಿ ಗಂಡಸರದು.

ಈ ಹೆಂಗಸರು ಮೂಕರಾಗಿದ್ದರೆಂದು ಯಾರೂ ಭಾವಿಸಬಾರದು. ಮಹಾತ್ಮ ಜೋತಿಬಾ ಫುಲೆಯವರ ಸಂಗಡಿಗರಾದ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಮಜೂರರಿಗೆ ವಾರದ ರಜೆ ಬೇಕೆಂದು ಹೋರಾಡುತ್ತಿದ್ದಾಗ, 1890ರ ಏಪ್ರಿಲ್ 24ರಂದು ಸುಮಾರು ಹತ್ತು ಸಾವಿರ ಮಜೂರರ ಸಭೆಯು ನೆರೆಯಿತು. ಆ ಸಭೆಯಲ್ಲಿ ಇಬ್ಬರು ಹೆಂಗಸರೂ ಎದ್ದು ಮಾತನಾಡಿದರು. ಅದೇ ವರ್ಷ ಭಾನುವಾರದ ರಜೆಯು ಸಿಕ್ಕಿತು. ಲೋಖಂಡೆಯವರ ಹೆಸರು ಚರಿತ್ರೆಯಲ್ಲಿ ನಿಂತಿತು, ನಿಲ್ಲತಕ್ಕದ್ದೇ. ಆ ಇಬ್ಬರು ಹೆಂಗಸರು ಇಂದಿಗೂ ನಮ್ಮ ಪಾಲಿಗೆ ‘ಇಬ್ಬರು ಹೆಂಗಸರು’ ಮಾತ್ರ. ಮುಂದಿನ ತಲೆಮಾರಿನ ಹೋರಾಟಗಳಲ್ಲಿ ಉಷಾಬಾಯಿ ಡಾಂಗೆ, ಪಾರ್ವತೀಬಾಯಿ ಭೋರ್ ಅವರಂಥವರು ಗಿರಣಿಯ ಹೆಂಗಸರನ್ನು ಸಂಘಟಿಸಿದರು.

ಹೆಂಗಸರ ಹಿತಕ್ಕಾಗಿ ಕಾಯಿದೆಗಳೂ ಬಂದವು. 1891ರ ಕಾರಖಾನೆ ಕಾಯಿದೆಯು ಅವರ ದುಡಿತವನ್ನು ದಿನಕ್ಕೆ ಹನ್ನೊಂದು ಗಂಟೆಗಳಿಗೆ ಮಿತಗೊಳಿಸಿ ರಾತ್ರಿಯ ಕೆಲಸಕ್ಕೆ ತಡೆಹಾಕಿತು. ಮುಂಬಯಿ ಪ್ರಾಂತದಲ್ಲಿ 1929ರಲ್ಲಿ ಹೆರಿಗೆ ಭತ್ಯದ ಕಾಯಿದೆಯಾಯಿತು. ದೇಶದಲ್ಲಿ ಅಂಥ ಕಾಯಿದೆಗಳಲ್ಲಿ ಅದೇ ಮೊದಲನೆಯದು. ಹೆರಿಗೆಯ ಮುಂಚಿನ ಮತ್ತು ನಂತರದ ಕೆಲವು ವಾರಗಳವರೆಗೆ ದಿನಕ್ಕೆ ಎಂಟಾಣೆಯಂತೆ ಭತ್ಯವು ದೊರೆಯತಕ್ಕದ್ದೆಂದು ಗೊತ್ತಾಯಿತು. ಅದರ ಮಸೂದೆಯು 1928ರಲ್ಲಿ ಚರ್ಚೆಗೆ ಬಂದಾಗ ಪ್ರಾಂತದ ವಿಧಾನ ಪರಿಷತ್ತಿನಲ್ಲಿ ಅದನ್ನು ಬೆಂಬಲಿಸಿ ಮಾತನಾಡಿದವರಲ್ಲಿ ಅಂಬೇಡಕರರೂ ಒಬ್ಬರು. ತಾಯಿಯ ವಿಶ್ರಾಂತಿಯು ರಾಷ್ಟ್ರದ ಹಿತಕ್ಕೇ ಸಂಬಂಧಿಸಿದುದರಿಂದ ಅದರ ಖರ್ಚಿನ ಬಹುಪಾಲನ್ನು ಸರಕಾರವು ಹೊರಬೇಕಾದುದು ನ್ಯಾಯವೆಂದೂ, ಹೆಂಗಸರ ದುಡಿತದಿಂದ ಲಾಭ ಪಡೆಯುವ ಮಾಲಿಕನೂ ಹೊಣೆಯಿಂದ ಪಾರಾಗುವಂತಿಲ್ಲವೆಂದೂ ಅವರು ವಾದಿಸಿದರು.

ಆದರೆ ಕಾಯಿದೆಯು ಇಡೀ ಖರ್ಚನ್ನು ಮಾಲಿಕನ ಮೇಲೆಯೇ ಹಾಕಿತು. ಆಗ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡಷ್ಟೂ ಖರ್ಚು ಹೆಚ್ಚೆಂಬ ಲೆಕ್ಕವು ಹುಟ್ಟಿಕೊಂಡಿತು. 1930ರ ದಶಕದಲ್ಲಿ ಗಿರಣಿಗಳಲ್ಲಿ ರಾತ್ರಿ ಪಾಳಿಯು ಹರಡಿದಾಗ, ಹೆಂಗಸರು ರಾತ್ರಿ ದುಡಿಯುವಂತಿಲ್ಲವೆಂಬ ಕಾರಣದಿಂದ ಅವರ ಜಾಗಗಳಿಗೆ ಗಂಡಸರು ಬಂದರು. ವೈಂಡಿಂಗ್ ಖಾತೆಗೆ ವೇಗದ ಹೊಸ ಯಂತ್ರಗಳು ಬಂದಾಗ ಕೈಗಳ ಅಗತ್ಯವೇ ಕಡಿಮೆಯಾಯಿತು. ಮೊದಲು ಹೊರಬಿದ್ದವರು ಹೆಂಗಸರು. ಗಂಡಸಿನ ಪಗಾರವೆಂದರೆ ಸಂಸಾರದ ಪಗಾರ, ಹೆಂಗಸಿನದು ಕೇವಲ ಮೇಲ್ಖರ್ಚಿನ ಕಾಸು ಎಂಬ ಭಾವನೆಯು ಮಾಲಿಕರಲ್ಲಿದ್ದಂತೆ ಮಜೂರ ಸಂಘಗಳಲ್ಲಿಯೂ ಇದ್ದುದರಿಂದ ಅವರ ಪರವಾಗಿ ಗಟ್ಟಿಯಾದ ಹೋರಾಟವು ನಡೆಯಲಿಲ್ಲ. ಐದರಲ್ಲೊಂದು ಪಾಲಿದ್ದವರು 1970ರ ದಶಕದ ಹೊತ್ತಿಗೆ ನೂರಕ್ಕೆ ಕೆಲವೇ ಮಂದಿಯಾದರು. ಮನೆಯಲ್ಲಿಯೂ ಗಿರಣಿಯಲ್ಲಿಯೂ ದುಡಿದು ಬಳಲುವ ಹೆಂಗಸಿಗಾಗಿ ಮಾಡಿದ ಕಾಯಿದೆಯು ಕೊನೆಗೆ ಅವಳನ್ನು ಗಿರಣಿಯಿಂದ ಮನೆಗೆ ಕಳುಹಿಸಲು ನೆರವಾಯಿತು.

ಎರಡು ಗೋಡೆಗಳ ಮೂಲೆಯಲ್ಲಿ

ಈ ಎರಡು ಕಥೆಗಳನ್ನು ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಹೇಳುವ ರೂಢಿಯಿದೆ. ದಲಿತರ ಕಥೆ ಒಂದು ಪುಸ್ತಕದಲ್ಲಿ, ಹೆಂಗಸರ ಕಥೆ ಇನ್ನೊಂದರಲ್ಲಿ. ವಾಚಕರು ಈಗ ಅದೇ ಗಿರಣಿಯಲ್ಲಿ ದುಡಿಯುವ ದಲಿತ ಹೆಂಗಸೊಬ್ಬಳನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. 1928ರ ಆ ಬೇಡಿಕೆಯು ಪೂರ್ಣವಾಗಿ ಫಲಿಸಿದ್ದರೂ ನೇಯುವ ಖಾತೆಯೊಳಗೆ ಹೋಗುತ್ತಿದ್ದವರು ಅವಳ ಗಂಡ, ಅವಳ ಅಣ್ಣ ತಮ್ಮಂದಿರು, ಅವಳಲ್ಲ. ಏಕೆಂದರೆ ಅದು ಗಂಡಸರ ಖಾತೆ. 1929ರ ಕಾಯಿದೆಯು ಹೆಂಗಸಾದ ಅವಳಿಗೆ ಎಂಟಾಣೆಯನ್ನು ಕೊಟ್ಟೀತು. ಆದರೆ ಆಕೆ ಯಾವ ಸಾಲಿನಲ್ಲಿ ನಿಂತು ನೀರು ಕುಡಿಯಬೇಕು, ಯಾರ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಬಹುದು ಎಂಬುದು ಆ ಕಾಯಿದೆಯ ವ್ಯಾಪ್ತಿಗೆ ಸೇರಿದುದಲ್ಲ. ದಲಿತರ ಪ್ರಶ್ನೆ ಎತ್ತಿದಾಗ ಅವಳು ಹೆಂಗಸು. ಹೆಂಗಸರ ಪ್ರಶ್ನೆ ಎತ್ತಿದಾಗ ಅವಳು ದಲಿತೆ. ಎರಡೂ ಕಡೆ ಅವಳ ಸರದಿ ಆಮೇಲಿನದು.

ಇದು ನಮ್ಮ ದೇಶದ ವೈಚಿತ್ರ್ಯವೆಂದು ತಿಳಿಯಬೇಕಾಗಿಲ್ಲ. ಇಲ್ಲಿ ಜಾತಿಯು ಮಾಡಿದ ಕೆಲಸವನ್ನು ಅಮೇರಿಕೆಯಲ್ಲಿ ಜನಾಂಗಭೇದವು, ಅಂದರೆ ಮೈಬಣ್ಣದ ಭೇದವು, ಮಾಡಿದೆ. ಎರಡಕ್ಕೂ ಇರುವ ಸಾಮ್ಯವನ್ನು ನಮ್ಮವರು ಬಹಳ ಹಿಂದೆಯೇ ಗುರುತಿಸಿದ್ದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದ್ದ ಅಂಬೇಡಕರರು 1946ರಲ್ಲಿ ನೀಗ್ರೋ ಜನರ ಹಿರಿಯ ವಿದ್ವಾಂಸರಾದ ಡುಬೋಯಿಸರಿಗೆ ಪತ್ರ ಬರೆದು ಈ ಸಾಮ್ಯವನ್ನು ಪ್ರಸ್ತಾಪಿಸಿದರು. 1972ರಲ್ಲಿ ಮುಂಬಯಿಯ ದಲಿತ ತರುಣರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ ಎಂದು ಹೆಸರಿಟ್ಟುದು ಅಮೇರಿಕೆಯ ಬ್ಲ್ಯಾಕ್ ಪ್ಯಾಂಥರರ ಮಾದರಿಯ ಮೇಲೆಯೇ. ಆದುದರಿಂದ ನಮ್ಮ ಗಿರಣಿಯ ಮೂಲೆಯನ್ನು ಬಿಟ್ಟು ಕ್ಷಣಕಾಲ ಅಲ್ಲಿಯ ಕಾರಖಾನೆಯೊಂದನ್ನು ನೋಡಿ ಬರುವುದು ಅಪ್ರಸ್ತುತವಾಗಲಾರದು.

ಸೇಂಟ್ ಲೂಯಿಸ್ ನಗರದಲ್ಲಿ ಜನರಲ್ ಮೋಟರ್ಸ್ ಕಂಪನಿಯ ಮೋಟಾರು ಜೋಡಿಸುವ ಕಾರಖಾನೆಯಿದ್ದಿತು. 1964ಕ್ಕೆ ಮುಂಚೆ ಅಲ್ಲಿ ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮುಂದೆ ವ್ಯಾಪಾರವು ಕುಸಿದಾಗ, ಕಡೆಗೆ ಬಂದವರು ಮೊದಲು ಹೋಗತಕ್ಕದ್ದೆಂಬ ನಿಯಮದಂತೆ ಮಜೂರರನ್ನು ತೆಗೆದರು. ಕಡೆಗೆ ಬಂದವರು ಕಪ್ಪು ಹೆಂಗಸರೇ ಆದುದರಿಂದ ಅವರು ಹೊರಬಿದ್ದರು. ಐವರು ಹೆಂಗಸರು ನ್ಯಾಯಾಲಯಕ್ಕೆ ಹೋದರು. 1976ರಲ್ಲಿ ಬಂದ ತೀರ್ಪಿನ ತಾತ್ಪರ್ಯವಿಷ್ಟು: ಕಂಪನಿಯು ಹೆಂಗಸರನ್ನು ನೇಮಿಸಿಕೊಂಡಿದೆ, ಆದುದರಿಂದ ಹೆಂಗಸರಿಗೆ ಅನ್ಯಾಯವಾಯಿತೆನ್ನುವಂತಿಲ್ಲ, ಬಣ್ಣದ ಕಾರಣದಿಂದ ಅನ್ಯಾಯವಾಗಿದ್ದರೆ ಆ ದಾವೆಯನ್ನು ಬೇರೆಯಾಗಿ ನಡೆಸಬಹುದು, ಎರಡನ್ನೂ ಕೂಡಿಸಿ ಹೊಸದೊಂದು ಹಕ್ಕನ್ನು ಕೇಳಲು ಕಾಯಿದೆಯಲ್ಲಿ ಅವಕಾಶವಿಲ್ಲ. ಕಾರಖಾನೆಯಲ್ಲಿದ್ದ ಹೆಂಗಸರು ಕಚೇರಿಯ ಬಿಳಿಯ ಹೆಂಗಸರು. ಯಂತ್ರದ ಬಳಿಯಿದ್ದ ಕಪ್ಪು ಜನರು ಗಂಡಸರು. ಇಬ್ಬರಿಗೂ ಆಗದ ಅನ್ಯಾಯವು ತಮಗಾಯಿತೆಂದು ಆ ಐವರು ಹೇಳಿದುದು ನ್ಯಾಯಪೀಠಕ್ಕೆ ಕೇಳಿಸಲಿಲ್ಲ.

ಕಿಂಬರ್ಲಿ ಕ್ರೆನ್‌ಷಾ ಎಂಬ ನ್ಯಾಯಶಾಸ್ತ್ರದ ವಿದುಷಿಯು 1989ರಲ್ಲಿ ಈ ತೀರ್ಪನ್ನು ವಿಮರ್ಶಿಸಿ, ಇಂಥ ಅನ್ಯಾಯವನ್ನು ರಸ್ತೆಗಳು ಕೂಡುವ ಚೌಕಕ್ಕೆ ಹೋಲಿಸಿದರು. ಚೌಕದಲ್ಲಿ ನಿಂತವರಿಗೆ ಯಾವ ರಸ್ತೆಯ ವಾಹನವಾದರೂ ಬಡಿಯಬಹುದು. ಒಮ್ಮೊಮ್ಮೆ ಎಲ್ಲ ಕಡೆಯವೂ ಒಟ್ಟಿಗೆ ಬಡಿಯಬಹುದು. ಇದು ಇಂದು ಜಗತ್ತಿನ ವಿಶ್ವವಿದ್ಯಾನಿಲಯಗಳಲ್ಲೆಲ್ಲ ಚರ್ಚೆಯಾಗುವ ವಿಚಾರ. ಮುಂಬಯಿಯ ಗಿರಣಿಯ ಹೆಂಗಸಿಗೆ ಮಾತ್ರ ಅದನ್ನು ತಿಳಿಯಲು ವಿಶ್ವವಿದ್ಯಾನಿಲಯದ ಅಗತ್ಯವಿರಲಿಲ್ಲ.

ಮೂರನೆಯ ಗೋಡೆ

ಜಾತಿ ಮತ್ತು ಲಿಂಗಗಳ ಜೊತೆಗೆ ವರ್ಗವೂ ಸೇರಿದಾಗ ಏನಾಗುವುದೆಂಬುದನ್ನು ನಮ್ಮ ಸಮಾನ ವೇತನದ ಕಾಯಿದೆಯ ಚರಿತ್ರೆಯಿಂದ ತಿಳಿಯಬಹುದು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಒಂದೇ ಸಂಬಳವೆಂದು 1976ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಅದರ ಬಲದಿಂದ ಮುಂಬಯಿಯ ದೊಡ್ಡ ಕಂಪನಿಯೊಂದರ ಮಹಿಳಾ ಸ್ಟೆನೋಗ್ರಾಫರೊಬ್ಬರು ತಮಗೆ ಗಂಡಸರಿಗಿಂತ ಕಡಿಮೆ ಸಂಬಳ ಕೊಡುತ್ತಿರುವರೆಂದು ದೂರಿದರು. 1987ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಅದು ನಿಜಕ್ಕೂ ಅಭಿನಂದನೀಯವಾದ ಜಯ. ಆದರೆ ಆ ಜಯವು ಸಾಧ್ಯವಾದುದು ಹೇಗೆ? ಅದೇ ಕಚೇರಿಯಲ್ಲಿ ಅದೇ ಕೆಲಸವನ್ನು ಮಾಡುವ ಗಂಡಸರು ಇದ್ದರು. ಅವರ ಸಂಬಳದ ಪಕ್ಕದಲ್ಲಿ ಇವರ ಸಂಬಳವನ್ನಿಟ್ಟು ತೋರಿಸುವುದು ಸಾಧ್ಯವಾಯಿತು.

ಹೆಂಗಸರೇ ತುಂಬಿದ್ದ ವೈಂಡಿಂಗ್ ಖಾತೆಯಲ್ಲಿ ಹೋಲಿಸಿ ತೋರಿಸಲು ಪಕ್ಕದಲ್ಲಿ ಗಂಡಸೇ ಇರಲಿಲ್ಲ. ಕೆಲಸವು ಹೆಂಗಸರದಾದುದರಿಂದ ಕೂಲಿ ಕಡಿಮೆ. ಕೂಲಿ ಕಡಿಮೆಯಾದುದರಿಂದ ಅದು ಹೆಂಗಸರ ಕೆಲಸ. ಹೀಗೆ ಸುತ್ತಿಕೊಂಡ ಉರುಳನ್ನು ಸಮಾನ ವೇತನದ ಕಾಯಿದೆಯು ಬಿಚ್ಚಲಾರದು. ಮೊದಲೇ ಬೇರ್ಪಡಿಸಿದ ಕೆಲಸಗಳ ನಡುವೆ ಅದಕ್ಕೆ ಹಿಡಿತ ಸಿಕ್ಕುವುದಿಲ್ಲ. ಕಾಯಿದೆಯಿಂದ ಅನುಕೂಲವಾದುದು ಇಂಗ್ಲಿಷು ಟೈಪು ಬಲ್ಲ, ಕಚೇರಿಯ ಬಾಗಿಲನ್ನು ಆಗಲೇ ದಾಟಿದ್ದ ಹೆಂಗಸಿಗೆ.

ಗಿರಣಿಯ ಹೊರಗಿದ್ದ ಹೆಂಗಸಿನ ಮಾತು ಹೇಗೆ? ಊರಿನಲ್ಲಿ ಸಂಸಾರವನ್ನು ಬಿಟ್ಟು ಬಂದ ಮಜೂರರಿಗೆ ಚಾಳಿನ ಒಂದು ಕೋಣೆಯಲ್ಲಿ ಎರಡು ಹೊತ್ತು ಅಡಿಗೆ ಮಾಡಿ ಬಡಿಸುತ್ತಿದ್ದ ಖಾನಾವಳಿಯ ಬಾಯಿಯರು ಆ ಇಡೀ ಉದ್ಯಮದ ಬೆನ್ನೆಲುಬಾಗಿದ್ದರು. ಮುಷ್ಕರದ ದಿನಗಳಲ್ಲಿ ಸಾಲದ ಮೇಲೆ ಊಟ ಹಾಕಿದವರೂ ಅವರೇ. ಆದರೂ ಯಾವ ಮಸ್ಟರಿನಲ್ಲಿಯೂ ಅವರ ಹೆಸರಿಲ್ಲ. ಯಾವ ಸಂಘಕ್ಕೂ ಅವರು ಮಜೂರರಲ್ಲ. 1975ರಲ್ಲಿ ಪ್ರೇಮಾ ಪುರಾವ್ ಅವರು ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿ ಬ್ಯಾಂಕಿನ ಸಾಲ ದೊರೆಯುವಂತೆ ಮಾಡಿದ ಮೇಲೆಯೇ ಈ ಹೆಂಗಸರ ಅಡಿಗೆಯು ‘ಉದ್ಯೋಗ’ವೆನಿಸಿಕೊಂಡಿತು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಮಜೂರರ ಮುಷ್ಕರವು ಪ್ರಾರಂಭವಾಗಿ, ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಎಷ್ಟೋ ಮನೆಗಳ ಒಲೆ ಉರಿದುದು ಹೆಂಗಸರು ಪರರ ಮನೆಯ ಮುಸುರೆ ತಿಕ್ಕಿ, ಬಟ್ಟೆ ಹೊಲಿದು ತಂದ ಕಾಸಿನಿಂದ. ‘ಮೇಲ್ಖರ್ಚಿನ ಕಾಸು’ ಎಂದು ಹೇಳುತ್ತಿದ್ದುದು ಆಗ ಸಂಸಾರದ ಏಕಮಾತ್ರ ಆಧಾರವಾಯಿತು.

ನಮ್ಮ ಅಂಗಳದಲ್ಲಿ

ಇಷ್ಟನ್ನು ಓದಿದ ವಾಚಕರು, ಇದು ಗಿರಣಿಗಳ ಹಳೆಯ ಕಥೆ, ನಮಗೇನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ.

ಹೊರನಾಡ ಕನ್ನಡಿಗರ ಏಳಿಗೆಯ ಚರಿತ್ರೆಯಲ್ಲಿ ರಾತ್ರಿ ಶಾಲೆಗಳಿಗೆ ಸಲ್ಲುವ ಗೌರವವು ದೊಡ್ಡದು. ಕರಾವಳಿಯಿಂದ ಬರಿಗಾಲಲ್ಲಿ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಮಾಣಿಗಳಾಗಿ ದುಡಿದು, ಸಂಜೆ ಕೈ ತೊಳೆದುಕೊಂಡು ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಕಲಿತು, ಗುಮಾಸ್ತರಾದರು, ವಕೀಲರಾದರು, ಹೋಟೆಲುಗಳ ಮಾಲಿಕರಾದರು. ನಾವು ಆ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ, ಹೇಳತಕ್ಕದ್ದೇ. ಆದರೆ ಆ ಏಣಿಯನ್ನು ನಿಲ್ಲಿಸಿದುದು ರಾತ್ರಿಯಲ್ಲಿ. ಅಂದಿನ ದಿನಗಳಲ್ಲಿ ರಾತ್ರಿಯು ಹೆಣ್ಣುಮಕ್ಕಳದಾಗಿರಲಿಲ್ಲ. ಅಣ್ಣನು ಮುಂಬಯಿಯಲ್ಲಿ ಮೆಟ್ಟಿಲು ಹತ್ತುತ್ತಿದ್ದಾಗ ಅಕ್ಕ ತಂಗಿಯರು ದಕ್ಷಿಣ ಕನ್ನಡದ ಜಗಲಿಗಳ ಮೇಲೆ ಸೂಪು ಮಡಿಲಲ್ಲಿಟ್ಟುಕೊಂಡು ಸಾವಿರಕ್ಕಿಷ್ಟು ಎಂಬ ಕೂಲಿಗೆ ಬೀಡಿ ಕಟ್ಟುತ್ತಿದ್ದರು. ಹೋಟೆಲಿನ ಒಳಗೂ ಅಡಿಗೆಮನೆಗೆ ಹೋಗತಕ್ಕ ಜಾತಿಗಳು ಯಾವುವು, ತಟ್ಟೆ ತೊಳೆಯತಕ್ಕ ಕೈಗಳು ಯಾರವು ಎಂಬುದನ್ನು ನಮ್ಮ ಹಿರಿಯರಿಗೆ ಯಾರೂ ಬರೆದು ತಿಳಿಸಬೇಕಾಗಿರಲಿಲ್ಲ. ಲಾಳಿಯ ಕಣ್ಣಿನಂತೆ ಅದೂ ಬರೆಯದ ನಿಯಮವೇ.

ಇಂದಿನ ಮಾತಿಗೆ ಬರೋಣ. ಮುಂಬಯಿ, ಪುಣೆಗಳಲ್ಲಿ ಬೆಳಗಿನ ಎಂಟು ಗಂಟೆಗೆ ಕೂಲಿಗಾಗಿ ಜನ ಸೇರುವ ನಾಕಾಗಳಲ್ಲಿ ನಿಂತು ಕಿವಿಗೊಟ್ಟರೆ ಕಲಬುರಗಿ, ವಿಜಯಪುರಗಳ ಕನ್ನಡವು ಕೇಳಿಸುವುದು. ಕಟ್ಟಡದ ಕೆಲಸಕ್ಕೆ ಬಂದ ನಮ್ಮವರು ಅವರು. ಗಂಡಸು ಕೆಲಕಾಲ ಕೂಲಿ ಮಾಡಿ, ಕರಣೆ ಹಿಡಿಯುವುದನ್ನು ಕಲಿತು ಗೌಂಡಿಯಾಗಬಲ್ಲನು. ಹೆಂಗಸು ಹತ್ತು ವರ್ಷ ದುಡಿದರೂ ತಲೆಯ ಮೇಲಿನ ಬುಟ್ಟಿಯು ಇಳಿಯುವುದು ಅಪರೂಪ; ಕೂಲಿಯೂ ಗಂಡಸಿನದಕ್ಕಿಂತ ಕಡಿಮೆ. ಕೆಲವೆಡೆಗಳಲ್ಲಿ ಗುತ್ತಿಗೆದಾರನು ಗಂಡಹೆಂಡಿರನ್ನು ಜೋಡಿಯೆಂದು ಎಣಿಸಿ ಇಬ್ಬರ ಕೂಲಿಯನ್ನೂ ಗಂಡನ ಕೈಗೆ ಕೊಡುತ್ತಾನೆ. ಆಗ ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರೇ ಇರುವುದಿಲ್ಲ.

ಹೆಸರಿಲ್ಲದುದರ ಫಲವು ಚಿಕ್ಕದಲ್ಲ. ಕಟ್ಟಡ ಕಾರ್ಮಿಕರ ಕ್ಷೇಮಕ್ಕಾಗಿ 1996ರಲ್ಲಿ ಆದ ಕಾಯಿದೆಯು ನೋಂದಣಿಗೆ ಹಿಂದಿನ ಒಂದು ವರ್ಷದಲ್ಲಿ ತೊಂಬತ್ತು ದಿನ ದುಡಿದುದರ ದಾಖಲೆಯನ್ನು ಕೇಳಿತು. ದುಡಿದವಳು ಅವಳು, ದಾಖಲೆಯು ಗಂಡನದು. ಆದುದರಿಂದ ಹೆರಿಗೆಯ ನೆರವೂ ಮಕ್ಕಳ ವಿದ್ಯಾರ್ಥಿವೇತನವೂ ಅವಳ ಹಕ್ಕಾಗಿ ಬರುವುದು ಕಷ್ಟವಾಯಿತು. ದಲಿತಳಾಗಿ ಹೊಲವಿಲ್ಲದೆ ಊರು ಬಿಟ್ಟಳು. ಬಡವಳಾಗಿ ನಾಕಾದಲ್ಲಿ ನಿಂತಳು. ಹೆಂಗಸಾಗಿ ಲೆಕ್ಕದಿಂದ ಹೊರಗುಳಿದಳು. ಮುಂಬಯಿಯಲ್ಲಿ ಇವುಗಳ ಜೊತೆಗೆ ಭಾಷೆಯೂ ಅವಳಿಗೆ ಗೋಡೆಯೇ: ಫಾರ್ಮು ಮರಾಠಿಯಲ್ಲಿ, ಅಧಿಕಾರಿಯ ಪ್ರಶ್ನೆ ಹಿಂದಿಯಲ್ಲಿ, ಅವಳಿಗೆ ಬರುವುದು ಕನ್ನಡವೊಂದೇ.

ಈ ಕೊನೆಯ ಗೋಡೆಯ ಮಟ್ಟಿಗಾದರೂ ನಾವು ಅಸಹಾಯಕರಲ್ಲ. ಈ ನಗರಗಳಲ್ಲಿ ನಮ್ಮ ಸಂಘಗಳು ಎಷ್ಟೋ ಇವೆ. ಪ್ರತಿವರ್ಷ ರಾಜ್ಯೋತ್ಸವ, ನಾಟಕ, ಯಕ್ಷಗಾನ, ಸನ್ಮಾನಗಳು ಕ್ರಮವಾಗಿ ನಡೆಯುತ್ತಿವೆ. ಅವುಗಳ ಸದಸ್ಯರ ಪಟ್ಟಿಯಲ್ಲಿ ನಾಕಾದ ಕನ್ನಡತಿಯ ಹೆಸರನ್ನು ಹುಡುಕಿದರೆ ಎಷ್ಟು ಸಿಕ್ಕೀತು? ಅವಳ ಮಕ್ಕಳು ನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹೆಸರು ಬರೆಸಿ ನಡುವೆಯೇ ಬಿಟ್ಟರೆ ವಿಚಾರಿಸುವವರು ಯಾರು? ಸಂಘದ ಇಬ್ಬರು ತರುಣರು, ಅವರಲ್ಲಿ ಒಬ್ಬಳಾದರೂ ತರುಣಿ, ಭಾನುವಾರದ ಮುಂಜಾನೆ ನಾಕಾಕ್ಕೆ ಹೋಗಿ ಹೆಂಗಸರ ಹೆಸರಿನಲ್ಲಿಯೇ ಬೇರೆ ಫಾರ್ಮನ್ನು ತುಂಬಿಕೊಡುವುದು, ದುಡಿದ ದಿನಗಳ ಗುರುತನ್ನು ಅವಳದೇ ಪುಸ್ತಕದಲ್ಲಿ ಗುತ್ತಿಗೆದಾರನಿಂದ ಬರೆಸುವುದು, ವಿದ್ಯಾರ್ಥಿವೇತನಗಳಲ್ಲಿ ಅವಳ ಮಗಳಿಗೆ ಒಂದು ಭಾಗವನ್ನು ಮೀಸಲಿಡುವುದು, ಸಂಜೆಯ ತರಗತಿಯನ್ನು ಅವಳ ಗುಡಿಸಲಿನ ಬಳಿಯಲ್ಲಿಯೇ ನಡೆಸುವುದು, ಇವು ದೊಡ್ಡ ಹಣ ಬೇಡುವ ಕಾರ್ಯಗಳಲ್ಲ.

ನೆರವು ನೀಡುವಾಗ ಗಿರಣಿಯ ಪಾಠವೊಂದನ್ನು ಮರೆಯಬಾರದು. ಬಡವರಿಗೆಂದು ತೆರೆದ ಬಾಗಿಲನ್ನು ಬಡವರಲ್ಲಿ ಗಂಡಸು ಮೊದಲು ದಾಟುವನು. ಹೆಂಗಸರಿಗೆಂದು ತೆರೆದುದನ್ನು ಹೆಂಗಸರಲ್ಲಿ ಓದುಬರಹ ಬಲ್ಲವಳು ಮೊದಲು ದಾಟುವಳು. ದಲಿತರಿಗೆಂದು ತೆರೆದುದನ್ನು ದಲಿತರಲ್ಲಿ ಗಂಡಸು ಮೊದಲು ದಾಟುವನು. ಆದುದರಿಂದ ಯಾವ ಯೋಜನೆಯನ್ನು ಕೈಗೊಂಡರೂ, ಎಲ್ಲರ ಹಿಂದೆ ನಿಂತಿರುವ ಹೆಂಗಸಿಗೆ ಇದು ಮುಟ್ಟುವುದೇ ಎಂದು ಮೊದಲು ಕೇಳಿಕೊಳ್ಳಬೇಕು. ಅವಳಿಗೆ ಮುಟ್ಟುವಂಥ ನೆರವು ಅವಳ ಮುಂದಿರುವವರಿಗೆ ಮುಟ್ಟದೆ ಇರದು.

1890ರ ಸಭೆಯಲ್ಲಿ ಎದ್ದು ಮಾತನಾಡಿದ ಆ ಇಬ್ಬರು ಹೆಂಗಸರ ಹೆಸರುಗಳನ್ನು ನಮ್ಮ ಹಿಂದಿನವರು ಜೋಪಾನವಾಗಿ ಕಾಪಾಡಲಿಲ್ಲ. ನಾಳೆ ಬೆಳಗ್ಗೆ ನಾಕಾದಲ್ಲಿ ಕನ್ನಡದಲ್ಲಿ ಮಾತನಾಡುವ ಹೆಂಗಸಿನ ಹೆಸರನ್ನು ಕೇಳಿ ಬರೆದುಕೊಳ್ಳುವುದು ನಮ್ಮ ಕೈಯಲ್ಲಿದೆ.